ಮೇಲಿನ ಮನೆಗೆ ಬೇಸಿಗೆ ಬಾಡಿಗೆಗೆ ಬಂದವಳಿಗೆ

ಮೆಟ್ಟಿಲಲ್ಲಿ ಕಲ್ಲಂಗಡಿ ಹೊತ್ತು ಏದುತ್ತಲೇ ಕೇಳಿದೆಯಲ್ಲ ಜೆಯ್ದಾ,
‘ಈ ಬೇಸಿಗೆ ಏನು ಓದಲಿ ಪೆರಿಹಾನ್ ಚಿಕ್ಕಮ್ಮ, ಏನು ನೋಡಲಿ?’
ಆಗ ನನ್ನ ಕೈಯಲ್ಲಿ ಮೀನಿತ್ತು. ಈಗ ಹೇಳುತ್ತೇನೆ, ಕೂತುಕೋ.

ನಾನು ಪಂಡಿತೆಯಲ್ಲ.
ಮೂವತ್ತೊಂದು ವರ್ಷ ಬಾಲಿಕೆಸಿರ್ ಸ್ಟೇಷನ್ನಿನ ಕಿಂಡಿಯಲ್ಲಿ
ಒಂದು ಟಿಕೆಟ್ಟಿಗೂ ಇನ್ನೊಂದಕ್ಕೂ ನಡುವೆ
ಎರಡೂವರೆ ಸಾಲಿನಂತೆ ಓದಿದವಳು.
ನಾಯಕಿ ಬಾಗಿಲು ತೆರೆಯುವ ಹೊತ್ತಿಗೇ
ಯಾರೋ ‘ಇಜ್ಮಿರ್, ಹೋಗಿ ಬರೋದು ಒಂದು’ ಅನ್ನುವರು;
ಚಿಲ್ಲರೆ ಎಣಿಸಿ ಕೊಟ್ಟು ತಿರುಗಿದರೆ
ಪಾಪ, ಅವಳಿನ್ನೂ ಚಿಲಕ ಹಿಡಿದೇ ನಿಂತಿರುವಳು.
ಹಾಗೆ ಕಾಯಬಲ್ಲದ್ದಷ್ಟೇ ನನ್ನ ಲೆಕ್ಕದಲ್ಲಿ ಪುಸ್ತಕ.
ನಡುವೆ ಎದ್ದುಹೋದರೆ ಮುನಿಸಿಕೊಳ್ಳುವಂಥವು
ಮೇಲಿನ ಸಾಲಿನಲ್ಲಿವೆ. ನನ್ನ ತಮ್ಮ ತಂದದ್ದು. ಮುಟ್ಟಬೇಡ.

ಕೆಳಗಿನ ಸಾಲಿಗೆ ಬಾ.
ನೀಲಿ ರಟ್ಟಿನದು ಉಪ್ಪಿನ ಗದ್ದೆಯ ಕಾವಲುಗಾರನ ಕಥೆ:
ಮೊದಲ ನಲವತ್ತು ಪುಟ ಏನೂ ಆಗುವುದಿಲ್ಲ,
ಬಿಸಿಲು, ಉಪ್ಪು, ಒಂದು ಕತ್ತೆ.
ಮಧ್ಯಾಹ್ನ ಎರಡಕ್ಕೆ ಶುರುಮಾಡು, ನಿದ್ದೆ ಬಂದರೆ ಬರಲಿ.
ನಲವತ್ತೊಂದರಲ್ಲಿ ಕತ್ತೆ ಕಾಣೆಯಾಗುತ್ತದೆ.
ಆಮೇಲೆ ನೀನು ಊಟಕ್ಕೂ ಏಳುವುದಿಲ್ಲ.

ಪಕ್ಕದ ದಪ್ಪದ್ದು ಮೂವರು ಅಕ್ಕತಂಗಿಯರ ಆಸ್ತಿ ಜಗಳ,
ಕಡಲಿಗೆ ಬಿದ್ದು ಎದ್ದದ್ದು, ಒಣಗಿ ಹಪ್ಪಳವಾಗಿದೆ.
ಕೊನೆಯ ಹದಿನಾರು ಪುಟ ಇಲ್ಲ,
ನನ್ನ ಅಳಿಯ ಅದರಲ್ಲಿ ಒಲೆ ಹೊತ್ತಿಸಿ ಸಾರ್ಡೀನ್ ಸುಟ್ಟ.
ಆಲಿವ್ ತೋಟ ಕೊನೆಗೆ ಯಾರ ಪಾಲಾಯಿತೆಂದು
ಈ ವಠಾರದಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು.
ಅಂಗಡಿಯ ಸೆಲಾಹತ್ತಿನ್ ಮಾತ್ರ ಪ್ರಾಣಹೋದರೂ
ನಡುವಿನವಳಿಗೇ ಅನ್ನುತ್ತಾನೆ. ಅವನೂ ನಡುವಿನವನು.

ಕವಿತೆಯದೂ ಒಂದಿದೆ, ತೆಳ್ಳಗಿನದು. ಬಸ್ಸಿಗೆ ಒಯ್ಯಿ.
ಓದಲಾಗದಿದ್ದರೆ ಗಾಳಿ ಬೀಸಿಕೊಳ್ಳಲಾದರೂ ಆಗುತ್ತದೆ.

ಇನ್ನು ಟೀವಿ.
ನಮ್ಮಲ್ಲಿ ಬೇಸಿಗೆಗೆ ಟೀವಿಗೂ ಸೆಕೆ,
ವೈರಿನ ಬಾಲ ಎಳೆದುಕೊಂಡು ಅದೂ ಬಾಲ್ಕನಿಗೆ ಬರುತ್ತದೆ.
ಬಡಗಣ ಗಾಳಿಯ ರಾತ್ರಿ ಆಂಟೆನಾ ತಿರುಗಿಸು,
ಎದುರು ದ್ವೀಪದ ಚಾನೆಲ್ ಸಿಗುತ್ತದೆ. ಗ್ರೀಕ್. ಒಂದಕ್ಷರ ತಿಳಿಯದು.
ಆದರೆ ಅತ್ತೆ ಯಾರೆಂದು
ಕಾಫಿ ಲೋಟ ಕುಕ್ಕುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಗುರುವಾರ ಎಂಟಕ್ಕೆ ದೋಣಿ ಕಟ್ಟುವ ಮನೆತನದ ಧಾರಾವಾಹಿ,
ನಾಲ್ಕು ವರ್ಷದ ಹಿಂದಿನದು, ಈಗ ಮರುಪ್ರಸಾರ. ತಪ್ಪಿಸಬೇಡ.
ಅದು ಮೊದಲು ಬಂದ ಬೇಸಿಗೆ ನನಗೂ ಪಕ್ಕದ ನುರಿಯೆಗೂ
ಮಾತಿಲ್ಲ ಕತೆಯಿಲ್ಲ:
ಪತ್ತೇದಾರಿಯೊಂದರ ಅರವತ್ತನೇ ಪುಟದಲ್ಲಿ ನಾನಿರುವಾಗ
‘ಕೊಂದವನು ಹಲ್ಲಿನ ಡಾಕ್ಟರು’ ಎಂದಿದ್ದಳು,
ಬಟ್ಟೆ ಒಣಹಾಕುತ್ತಾ, ಕ್ಲಿಪ್ಪು ಕಚ್ಚಿಕೊಂಡೇ.

ಅವಳದು ಆಂಟೆನಾ, ನನ್ನದು ಡಿಶ್.
ಅವಳ ಟೀವಿ ನನ್ನದಕ್ಕಿಂತ ಅರೆಗಳಿಗೆ ಮುಂದೆ.
ನಡುವೆ ದ್ರಾಕ್ಷಿ ಬಳ್ಳಿಯಷ್ಟೇ ಗೋಡೆ.
ನನ್ನಲ್ಲಿ ಕೈ ಎತ್ತುವಷ್ಟರಲ್ಲಿ
ಅವಳಲ್ಲಿ ಏಟು ಬಿದ್ದು, ಅಳುವೂ ಶುರು,
ಮೇಲೆ ನುರಿಯೆಯದೊಂದು ‘ಅಯ್ಯಯ್ಯೋ!’
ಹನ್ನೆರಡು ಗುರುವಾರ ನಾನು
ಅವಳ ಉದ್ಗಾರದ ಹಿಂದೆ ಹಿಂದೆಯೇ ಬದುಕಿದೆ.

ಹದಿಮೂರನೆಯದು, ಕೊನೆಯ ಕಂತು.
ಹಿರಿಯ ಮಗ ಅಪ್ಪನ ಪತ್ರ ಒಡೆಯುತ್ತಾನೆ.
ಹಲ್ಲು ಕಚ್ಚಿ ಕಾದೆ, ಈಗ ಹೇಳಿಬಿಡುತ್ತಾಳೆ, ಈಗ.
ಆಚೆ ಸದ್ದೇ ಇಲ್ಲ.
ಪತ್ರದಲ್ಲಿದ್ದದ್ದು ನನಗೆ ಪತ್ರದಿಂದಲೇ ತಿಳಿಯಿತು.
ಬಳ್ಳಿ ಸರಿಸಿ ನೋಡಿದರೆ
ಅವಳ ಟೀವಿ ಮೂಕವಾಗಿ ಓಡುತ್ತಿದೆ;
ಮಡಿಲಲ್ಲಿ ರಿಮೋಟು, ಬಾಯಿಗೆ ಅಡ್ಡ ಕೈ,
ಕಣ್ಣಲ್ಲಿ ಧಾರೆ.

ಮರುದಿನ ಬದನೆಕಾಯಿ ಹುರಿದು ಕಳಿಸಿದೆ.
ತಟ್ಟೆ ಬರಿದಾಗಿ ಬರಲಿಲ್ಲ.
ಹಲ್ಲಿನ ಡಾಕ್ಟರ ಸಂಗತಿ ಇನ್ನೂ ಇತ್ಯರ್ಥವಾಗಿಲ್ಲ, ಅದು ಬೇರೆ.

ಗುರುವಾರ ಬಾ. ಕುರ್ಚಿ ನೀನೇ ತಾ.
ಯಾವ ಬಾಲ್ಕನಿಯಲ್ಲಿ ಹಾಕುತ್ತೀಯೋ ನಿನಗೆ ಬಿಟ್ಟದ್ದು.
ಅವಳ ಕಡೆ ಕೂತರೆ
ಬಾಯಿಗೆ ಕೈ ಅಡ್ಡ ಇಟ್ಟುಕೋ.